ಮೇಜಿನ ಕೆಳಗಿನ ಕವರುಗಳು

ಆಯುಧಪೂಜೆ ಹತ್ತಿರ ಬಂತೆಂದರೆ ಬೇರೆಯವರ ಮನೆಯಲ್ಲಿ ಗಾಡಿ ತೊಳೆಯುತ್ತಾರೆ. ನಮ್ಮಮ್ಮನ ಕಣ್ಣು ಮಾತ್ರ ನನ್ನ ಮೇಜಿನ ಮೇಲೆ. ಮೇಲೆ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಕೆಳಗೆ ರಾಶಿ ರಾಶಿ ಪ್ಲಾಸ್ಟಿಕ್ ಕವರು. "ಕುಂಕುಮ ಇಡೋಕಾದ್ರೂ ಒಂದು ಅಂಗೈಯಗಲ ಜಾಗ ಮಾಡೋ" ಅಂದಳು. ಹಬ್ಬದ ಹಿಂದಿನ ದಿನ ರಜೆ ಇತ್ತು. ಅಣ್ಣನ ಮಗಳೂ ದಸರಾ ರಜೆಗೆ ಬಂದಿದ್ದಳು, ಎಂಟನೇ ಕ್ಲಾಸು, ಕಣ್ಣು ನನಗಿಂತ ಎಷ್ಟೋ ಚುರುಕು. ಅವಳನ್ನೂ ಪಕ್ಕಕ್ಕೆ ಕೂರಿಸಿಕೊಂಡು, ನೆಲದ ಮೇಲೆ ಹಳೇ ಬಿಳಿ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಸುರಿದೆ.

ಈ ಕವರುಗಳು ಹೇಗೆ ಬೆಳೆಯುತ್ತವೆ ಅಂತ ಎಲೆಕ್ಟ್ರಾನಿಕ್ಸ್ ಹುಚ್ಚು ಇರೋರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿರುತ್ತೀರಿ, ಬೇಕಾಗಿದ್ದು ನಾಲ್ಕು 330 ಓಮ್ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡೋ ಪುಟ್ಟ ಸಾಮಾನು, ಓಮ್ ಅನ್ನೋದು ಆ ತಡೆಯ ಅಳತೆ. ನಾಲ್ಕು ಎಣಿಸಿ ಕೊಡೋ ಪುರಸೊತ್ತು ಅಂಗಡಿಯವರಿಗೆ ಇರೋದಿಲ್ಲ, ಹಾಗೆ ಕೇಳೋಕೆ ನಮಗೂ ಮುಖ ಇರೋದಿಲ್ಲ, ನೂರರ ಕಟ್ಟೇ ಮನೆಗೆ ಬರುತ್ತದೆ. ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದುಕೊಟ್ಟ ನಂಬರು ನಾಲ್ಕು ದಿನಕ್ಕೆ ಅಳಿಸಿಹೋಗುತ್ತದೆ. ಮುಂದಿನ ಸಲ ಬೇಕಾದಾಗ ಹುಡುಕೋದಕ್ಕಿಂತ ತರೋದೇ ಸುಲಭ ಅನ್ನಿಸುತ್ತದೆ, ಮತ್ತೆ ನೂರು. ಆವತ್ತು ಬೆಡ್‌ಶೀಟ್ ಮೇಲೆ 10 ಕಿಲೊ ಓಮ್‌ನದ್ದೇ ನಾಲ್ಕು ಬೇರೆ ಬೇರೆ ಕಟ್ಟು ಸಿಕ್ಕಿತು.

ಮೊದಲು ರೆಸಿಸ್ಟರ್. ಒಂದೊಂದು ಬೆಲೆಗೆ (ದುಡ್ಡಿನದ್ದಲ್ಲ, ಓಮ್ ಲೆಕ್ಕದ್ದು) ಒಂದೊಂದು ಪುಟ್ಟ ಡ್ರಾಯರ್ ಇಟ್ಟಿರುವ ಫೋಟೊಗಳನ್ನು ನಾನೂ ನೋಡಿ ಹೊಟ್ಟೆ ಉರಿದುಕೊಂಡವನೇ. ಆದರೆ ಲೆಕ್ಕ ಹಾಕಿ ನೋಡಿ. ಇ12 ಅನ್ನೋ ಪ್ರಮಾಣಿತ ಬೆಲೆಗಳ ಸಾಲಿನಲ್ಲಿ 10, 12, 15, 18, 22, 27, 33, 39, 47, 56, 68, 82 ಅಂತ ಹನ್ನೆರಡು ಬೆಲೆ. 10 ಓಮ್‌ನಿಂದ 1 ಮೆಗಾ ಓಮ್‌ವರೆಗೆ ಇದೇ ಹನ್ನೆರಡು ಪ್ರತಿ ಸಲ ಹತ್ತುಪಟ್ಟಾಗುತ್ತಾ ಐದು ಸುತ್ತು ಬರುತ್ತವೆ, ಕೊನೆಯದೂ ಸೇರಿದರೆ 61 ಡ್ರಾಯರ್ ಬೇಕು. ಅದರಲ್ಲಿ ನಾನು ದಿನಾ ಮುಟ್ಟೋದು 220, 330, 1ಕೆ (ಕೆ ಅಂದರೆ ಕಿಲೊ ಓಮ್), 4.7ಕೆ, 10ಕೆ, 100ಕೆ, ಅಷ್ಟೇ. ಉಳಿದ ಐವತ್ತೈದು ಡ್ರಾಯರ್ ಧೂಳು ತಿನ್ನುತ್ತಾ ಗೋಡೆ ಅಲಂಕರಿಸಬೇಕು.

ಅದಕ್ಕೇ ರೆಸಿಸ್ಟರ್ ಮೈಮೇಲಿನ ಬಣ್ಣದ ಪಟ್ಟಿಗಳಲ್ಲಿ ಮೂರನೆಯದನ್ನು ನೋಡಿ ವಿಂಗಡಿಸೋಣ ಅಂದೆ. ನಾಲ್ಕು ಪಟ್ಟಿಯ ರೆಸಿಸ್ಟರಿನಲ್ಲಿ ಮೊದಲೆರಡು ಬಣ್ಣ ಅಂಕಿ (ಕಪ್ಪು 0, ಕಂದು 1, ಕೆಂಪು 2, ಹೀಗೆ), ಮೂರನೆಯದು ಅದರ ಮುಂದೆ ಎಷ್ಟು ಸೊನ್ನೆ ಅನ್ನೋದು, ಅಲ್ವಾ? ಮೂರನೆಯದು ಕಪ್ಪಾದರೆ ನೂರರೊಳಗಿನ ಓಮ್, ಕಂದಾದರೆ ನೂರಾರು, ಕೆಂಪಾದರೆ ಸಾವಿರಗಳು, ಕಿತ್ತಳೆ ಅಂದರೆ ಹತ್ತಾರು ಸಾವಿರ, ಹಳದಿ ಅಂದರೆ ಲಕ್ಷಗಳು, ಹಸಿರು ಅಂದರೆ ಮೆಗಾ. ಆರು ಡಬ್ಬಿ, ಮುಗೀತು. ಡಬ್ಬಿಯೊಳಗೆ ಬೆಲೆಗೊಂದು ಚಿಕ್ಕ ಜಿಪ್ ಕವರು. ಹೀಗೆ ಮಾಡುವುದರ ನಿಜವಾದ ಲಾಭ ಹುಡುಕುವಾಗ ಗೊತ್ತಾಗುತ್ತದೆ. ಎಲ್ಇಡಿಗೆ ಹಾಕೋಕೆ 330 ಖಾಲಿಯಾಗಿದ್ದರೆ 390 ಹಾಕಿದರೂ ನಡೆಯುತ್ತದೆ, ಬೆಳಕು ಒಂಚೂರು ಕಡಿಮೆ, ಅಷ್ಟೇ. ಆ 390 ಅದೇ ಡಬ್ಬಿಯಲ್ಲಿ ಕೈಗೆ ಸಿಗುತ್ತದೆ. ಒಂದರ ಬದಲು ಒಂದು ನಡೆಯುವಂಥದ್ದು ಒಟ್ಟಿಗೆ ಇರಬೇಕು. ನೋಡೋಕೆ ಒಂದೇ ಥರ ಇದ್ದು ಒಂದರ ಬದಲು ಒಂದು ನಡೆಯದೇ ಇರೋದು ದೂರ ದೂರ ಇರಬೇಕು. ಆವತ್ತು ಇಡೀ ದಿನ ಇದೊಂದೇ ನಿಯಮ ಇಟ್ಟುಕೊಂಡೆ.

ಹುಡುಗಿಗೆ ಬಣ್ಣ ಓದೋದು ಹತ್ತು ನಿಮಿಷದಲ್ಲಿ ಬಂತು. ಮರಳಿನ ಬಣ್ಣದ ಮೈಯ ರೆಸಿಸ್ಟರುಗಳನ್ನು ನನಗಿಂತ ಬೇಗ ಹೆಕ್ಕತೊಡಗಿದಳು. ಕೊನೇ ಪಟ್ಟಿ ಚಿನ್ನದ ಬಣ್ಣ, ಅದನ್ನು ಬಲಕ್ಕೆ ಹಿಡಿದರೆ ಸಾಕು. ತೊಂದರೆ ಶುರುವಾದದ್ದು ನೀಲಿ ಮೈಯ ಒಂದು ಪರ್ಸೆಂಟ್‌ನವು ಬಂದಾಗ. ಅವುಗಳಲ್ಲಿ ಐದು ಪಟ್ಟಿ: ಮೊದಲ ಮೂರು ಅಂಕಿ, ನಾಲ್ಕನೆಯದು ಸೊನ್ನೆಗಳ ಲೆಕ್ಕ, ಕೊನೆಯದು ಎಷ್ಟು ಪರ್ಸೆಂಟ್ ಹೆಚ್ಚುಕಮ್ಮಿ ಇರಬಹುದು ಅನ್ನೋದು.

"ಚಿಕ್ಕಪ್ಪ, ಇದು ಕಂದು, ಕೆಂಪು, ಕಪ್ಪು, ಕಪ್ಪು, ಕಂದು. ನೂರಿಪ್ಪತ್ತು ಓಮ್."

ಮೀಟರ್‌ನಲ್ಲಿ ಇಟ್ಟು ನೋಡಿದರೆ 9.97 ಕಿಲೊ ಓಮ್ ತೋರಿಸಿತು. ಮೀಟರ್ ಕೆಟ್ಟಿದೆ ಅಂದಳು. ಇನ್ನೊಂದು ಇಟ್ಟೆವು, ಅದೂ ಹತ್ತು ಸಾವಿರದ ಆಸುಪಾಸು. ಆಮೇಲೆ ಅವಳೇ ತಿರುಗಿಸಿ ಹಿಡಿದಳು: ಕಂದು, ಕಪ್ಪು, ಕಪ್ಪು, ಕೆಂಪು, ಕಂದು. ನೂರರ ಮುಂದೆ ಎರಡು ಸೊನ್ನೆ, ಹತ್ತು ಸಾವಿರ. ಎರಡೂ ತುದಿಯಲ್ಲಿ ಕಂದೇ ಇರೋದರಿಂದ ಆ ಕಡೆಯಿಂದ ಓದಿದರೂ ಅರ್ಥ ಇದೆ, ಈ ಕಡೆಯಿಂದ ಓದಿದರೂ ಅರ್ಥ ಇದೆ. ಪಟ್ಟಿಗಳ ನಡುವಿನ ಸಂದು ಕೊನೆಯದಕ್ಕೆ ಸ್ವಲ್ಪ ಜಾಸ್ತಿ ಇರಬೇಕು ಅಂತಾರೆ, ಆದರೆ ಕಾಲು ವ್ಯಾಟಿನ ಪುಟಾಣಿ ಮೈಮೇಲೆ ಆ ವ್ಯತ್ಯಾಸ ಕಾಣಬೇಕಲ್ಲ! ಜೊತೆಗೆ ನೀಲಿ ಮೈಮೇಲೆ ಕಂದು, ಕೆಂಪು, ಕಿತ್ತಳೆ ಮೂರೂ ಟ್ಯೂಬ್‌ಲೈಟಿನಲ್ಲಿ ಒಂದೇ. ಹಾಗಾಗಿ ನೀಲಿಯವನ್ನು ಕಣ್ಣಿನಿಂದ ವಿಂಗಡಿಸೋದೇ ಬೇಡ, ಮೀಟರ್‌ಗೆ ತೋರಿಸಿಯೇ ಒಳಗೆ ಹಾಕೋದು ಅಂತ ಇಬ್ಬರೂ ತೀರ್ಮಾನ ಮಾಡಿದೆವು.

ನಮ್ಮ ಸೋದರಮಾವ ಅರಸೀಕೆರೆಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಅವರ ಅಂಗಡಿಯಲ್ಲಿ ಖಾಲಿ ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಪುಟ್ಟ ಬೀರು ಇತ್ತು. ಪೊಟ್ಟಣದ ಮೇಲೆ ಏನೂ ಬರೆದಿರುತ್ತಿರಲಿಲ್ಲ. ಒಳಗೆ ಏನಿದೆಯೋ ಅದರಲ್ಲೇ ಒಂದನ್ನು ಹೊರಗೆ ಚುಚ್ಚಿ, ಕಾಲು ಮಡಚಿ, ಅದನ್ನೇ ಎಳೆಯೋ ಹಿಡಿ ಮಾಡಿರುತ್ತಿದ್ದರು. ಎಸಿ128 ಟ್ರಾನ್ಸಿಸ್ಟರ್ ಬೇಕಾದರೆ ಎಸಿ128 ಹಿಡಿದೇ ಎಳೆಯಬೇಕು. ಇದಕ್ಕಿಂತ ಒಳ್ಳೆಯ ಲೇಬಲ್ ನಾನು ಇವತ್ತಿಗೂ ಕಂಡಿಲ್ಲ. ನಾನು ಅಷ್ಟು ಜಾಣತನಕ್ಕೆ ಹೋಗಲಿಲ್ಲ. ಮಾರ್ಕರ್‌ನಲ್ಲಿ ಕವರಿನ ಮೇಲೆ ಬರೆಯೋ ಬದಲು ಚೀಟಿ ಬರೆದು ಕವರಿನ ಒಳಗೇ ಹಾಕಿದೆ. ಅಳಿಸೋದಿಲ್ಲ, ಕವರು ಹರಿದರೆ ಚೀಟಿಯೂ ಸಾಮಾನಿನ ಜೊತೆಗೇ ಹೊಸ ಕವರಿಗೆ ಹೋಗುತ್ತದೆ.

ಡಬ್ಬಿ ವಿಷಯಕ್ಕೆ ಬಂದರೆ, ಚಿಕ್ಕಪೇಟೆ ಕಡೆ ಮಣಿ-ಸರದ ಸಾಮಾನು ಮಾರೋ ಅಂಗಡಿಗಳಲ್ಲಿ ಸಿಗುವ ಖಾನೆಗಳ ಪ್ಲಾಸ್ಟಿಕ್ ಡಬ್ಬಿಗಳೇ ನನಗೆ ಸರಿಹೋದವು. ಆದರೆ ಕೊಳ್ಳೋ ಮುಂಚೆ ಮುಚ್ಚಳ ಹಾಕಿ, ಬೆಳಕಿಗೆ ಹಿಡಿದು, ಅಡ್ಡಗೋಡೆಗೂ ಮುಚ್ಚಳಕ್ಕೂ ಮಧ್ಯೆ ಸಂದು ಇದೆಯಾ ನೋಡಿ. ಕಿತ್ತು ಹಾಕಬಹುದಾದ ಅಡ್ಡಗೋಡೆ ಇದ್ದರಂತೂ ತಳದಲ್ಲೂ ನೋಡಬೇಕು. 1ಎನ್4148 ಡಯೋಡ್ ಅಷ್ಟು ಸಣ್ಣ ಸಂದಿನಲ್ಲೂ ನುಸುಳಿ ಪಕ್ಕದ ಖಾನೆಗೆ ಹೋಗುತ್ತದೆ. ಸ್ಟೀಲಿನ ಮಸಾಲೆ ಡಬ್ಬಿ ನೋಡೋಕೆ ಚೆನ್ನ, ಆದರೆ ಓರೆ ಮಾಡಿದರೆ ಒಂದು ಬಟ್ಟಲಿನದ್ದು ಇನ್ನೊಂದಕ್ಕೆ ಹಾರುತ್ತದೆ, ಅದು ಅಡುಗೆಮನೆಯಲ್ಲೇ ಇರಲಿ.

ಮಧ್ಯಾಹ್ನದ ಮೇಲೆ ಟ್ರಾನ್ಸಿಸ್ಟರುಗಳು. ನನ್ನ ನಿಯಮ ಅತಿ ಜಾಸ್ತಿ ಬೇಕಾದದ್ದು ಇಲ್ಲೇ. ಮೂರು ಕಾಲು, ಅರೆದುಂಡನೆ ಕರಿ ಮೈ, ಒಂದು ಕಡೆ ಚಪ್ಪಟೆ. ಬಿಸಿ547 ಕೂಡ ಹಾಗೇ, ಪಿಎನ್2222 ಕೂಡ ಹಾಗೇ, ಆದರೆ ಚಪ್ಪಟೆ ಮುಖ ನಮ್ಮ ಕಡೆ ಮಾಡಿ ಹಿಡಿದರೆ ಒಂದರಲ್ಲಿ ಎಡಗಡೆ ಕಲೆಕ್ಟರ್ ಅನ್ನೋ ಕಾಲು, ಇನ್ನೊಂದರಲ್ಲಿ ಎಡಗಡೆ ಎಮಿಟರ್ ಅನ್ನೋ ಕಾಲು. ಬಿಸಿ557 ಅಂತೂ ಪೂರಾ ಉಲ್ಟಾ ಜಾತಿ, ಕರೆಂಟು ಎದುರು ದಿಕ್ಕಿಗೆ ಹರಿಯೋ ಪಿಎನ್‌ಪಿ. ಸಾಲದ್ದಕ್ಕೆ ಉಷ್ಣತೆ ಅಳೆಯೋ ಎಲ್ಎಂ35, ಡಿಎಸ್18ಬಿ20, ಐದು ವೋಲ್ಟ್ ಕೊಡೋ 78ಎಲ್05 ಎಲ್ಲವೂ ಅದೇ ವೇಷ ಹಾಕಿಕೊಂಡು ಬರುತ್ತವೆ. ಮೈಮೇಲಿನ ಅಕ್ಷರ ಬರಿಗಣ್ಣಿಗೆ ಕಾಣೋದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ಫೋನಿನಲ್ಲಿ ಜೂಮ್ ಮಾಡಿದರೆ ಮೂಡುತ್ತದೆ. ಅವಳು ಫೋನು, ನಾನು ಟಾರ್ಚು. ಟ್ರಾನ್ಸಿಸ್ಟರ್ ರಾಶಿಯೊಳಗೆ ಎರಡು ಡಿಎಸ್18ಬಿ20 ಸಿಕ್ಕವು, ದುಡ್ಡು ಬಿದ್ದು ಸಿಕ್ಕಷ್ಟೇ ಖುಷಿ. ಇವುಗಳನ್ನು ಬೇರೆ ಬೇರೆ ಡಬ್ಬಿಗೇ ಹಾಕಿದೆ, ಬರೀ ಬೇರೆ ಖಾನೆಗಲ್ಲ.

ಚಾರ್ಜ್ ಹಿಡಿದಿಡೋ ಸೆರಾಮಿಕ್ ಕೆಪಾಸಿಟರ್‌ಗೂ ಇದೇ ಗತಿ, ಅದರ ಅಳತೆ ಫ್ಯಾರಡ್. 104 ಅಂತ ಇದ್ದರೆ ಹತ್ತರ ಮುಂದೆ ನಾಲ್ಕು ಸೊನ್ನೆ, ಲಕ್ಷ ಪಿಕೊಫ್ಯಾರಡ್, ಅಂದರೆ 0.1 ಮೈಕ್ರೊ. ಬರೀ 22 ಅಂತ ಇದ್ದರೆ ಇಪ್ಪತ್ತೆರಡೇ ಪಿಕೊ. ಎರಡೂ ಒಂದೇ ಬಣ್ಣದ ಬಿಲ್ಲೆ. ಇನ್ನು ಬೋರ್ಡಿನ ಮೇಲೆ ಅಂಟಿಸೋ ಎಸ್ಎಂಡಿ ಸೆರಾಮಿಕ್‌ಗಳ ಮೈಮೇಲೆ ಅಷ್ಟೂ ಬರೆದಿರೋದಿಲ್ಲ. ಅವನ್ನು ಅಂಗಡಿಯಿಂದ ಬಂದ ಟೇಪಿನ ಪಟ್ಟಿಯಿಂದ ಬಿಡಿಸಲೇಬಾರದು, ಬೇಕಾದಷ್ಟು ಕತ್ತರಿಸಿಕೊಂಡು ಉಳಿದದ್ದನ್ನು ಹಾಗೇ ಸುತ್ತಿಡಬೇಕು. 0603 ಅನ್ನೋ ಸೈಜು ಅಂದರೆ 1.6 ಮಿಲಿಮೀಟರ್ ಉದ್ದ, 0.8 ಅಗಲ. ಒಂದು ಸೀನು ಸಾಕು!

ಐಸಿಗಳನ್ನು, ಅಂದರೆ ಹತ್ತಾರು ಕಾಲಿನ ಚಿಪ್ಪುಗಳನ್ನು, ಥರ್ಮಾಕೋಲಿಗೆ ಚುಚ್ಚಿಡೋದು ತುಂಬಾ ಜನರ ಅಭ್ಯಾಸ. ಬೇಡ. ಥರ್ಮಾಕೋಲ್ ಉಜ್ಜಿದರೆ ಸ್ಟ್ಯಾಟಿಕ್ ಕರೆಂಟು ಹುಟ್ಟುತ್ತದೆ, 4017ರಂಥ, ಸ್ಟ್ಯಾಟಿಕ್ ತಡೆಯದ ಸಿಮಾಸ್ ಜಾತಿಯ ಚಿಪ್ಪುಗಳಿಗೆ ಅದು ಆಗಿಬರೋದಿಲ್ಲ. ಕರೆಂಟು ಹರಿಯೋ ಕಪ್ಪು ಫೋಮ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಥರ್ಮಾಕೋಲಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ ಆಮೇಲೆ ಚುಚ್ಚಿ, ಎಲ್ಲ ಕಾಲುಗಳೂ ಒಂದಕ್ಕೊಂದು ಸೇರಿಕೊಂಡಿರಬೇಕು, ಅಷ್ಟೇ ಬೇಕಾಗಿರೋದು. ಬ್ಯಾಟರಿಗೆ ಇದರ ತದ್ವಿರುದ್ಧ. ಸಿಆರ್2032 ಬಿಲ್ಲೆ ಸೆಲ್ಲುಗಳನ್ನು ತಂತಿ ಚೂರುಗಳ ಜೊತೆ ಸುಮ್ನೆ ಬಿಸಾಕಿದರೆ ಶಾರ್ಟ್ ಆಗಿ ಸಾಯುತ್ತವೆ, ಒಂದೊಂದಕ್ಕೂ ಟೇಪು ಹಾಕಿದೆ. ಲಿಥಿಯಂನ 18650 ಸೆಲ್ಲುಗಳು ಶಾರ್ಟ್ ಆದರೆ ಬೆಂಕಿಯೇ. ಅವು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಮೇಜಿನಿಂದ ಬೇರೆ ಕಡೆ.

ಹಳೇ ಬೋರ್ಡಿನಿಂದ ಕಿತ್ತ ರೆಸಿಸ್ಟರುಗಳನ್ನು ಕಣ್ಣು ಮುಚ್ಚಿ ಇ-ವೇಸ್ಟ್ ಚೀಲಕ್ಕೆ ಹಾಕಿದೆ. ಕಾಲು ಗಿಡ್ಡ, ಬೆಸುಗೆ ಇಲ್ಲದೆ ತೂತಿಗೆ ಚುಚ್ಚಿ ಜೋಡಿಸೋ ಬ್ರೆಡ್‌ಬೋರ್ಡಿನಲ್ಲಿ ನಿಲ್ಲೋದಿಲ್ಲ. ಕೆಟ್ಟ ಸಿಎಫ್ಎಲ್‌ನಿಂದ ತೆಗೆದ 1ಎನ್4007 ಡಯೋಡುಗಳನ್ನೂ 13003 ಟ್ರಾನ್ಸಿಸ್ಟರುಗಳನ್ನೂ ಮಾತ್ರ ಎಸೆಯೋಕೆ ಮನಸ್ಸು ಬರಲಿಲ್ಲ. ಜಿಪುಣತನ ಅನ್ನಿ.

ಎಲ್ಲ ಮುಗಿದರೂ ಬೆಡ್‌ಶೀಟಿನ ನಡುವೆ ಒಂದು ಗುಡ್ಡೆ ಉಳಿದೇ ಉಳಿಯಿತು. ಬಜರ್, ಸ್ಪ್ರಿಂಗು, ಯಾವುದೋ ಆಟಿಕೆಯ ಮೋಟರು, ಹೆಸರೇ ಗೊತ್ತಿಲ್ಲದ ಕನೆಕ್ಟರುಗಳು. ಒಂದು ದೊಡ್ಡ ಡಬ್ಬಿಗೆ ತುಂಬಿ "ಇತರೆ" ಅಂತ ಬರೆದೆ. ಇದು ಸೋಮಾರಿತನ ಅಂತ ಬಯ್ಯೋರಿದ್ದಾರೆ. ನನ್ನ ಪ್ರಕಾರ ಇಂಥದ್ದೊಂದು ಡಬ್ಬಿ ಇಲ್ಲದಿದ್ದರೆ ಈ ಕಸ ಉಳಿದ ಡಬ್ಬಿಗಳಿಗೆಲ್ಲ ನುಗ್ಗುತ್ತದೆ.

ಸಂಜೆ ಹುಡುಗಿ ಕೂಲಿ ಕೇಳಿದಳು. ಓಡೋ ದೀಪ ಮಾಡಿಕೋ ಅಂದೆ. ತಾಳ ಹಾಕೋಕೆ ಒಂದು 555 ಟೈಮರ್ ಐಸಿ, ಒಂದಾದ ಮೇಲೊಂದು ಹೊತ್ತಿಸೋಕೆ ಒಂದು 4017 ಕೌಂಟರ್ ಐಸಿ, ಹತ್ತು ಎಲ್ಇಡಿ. ಒಂದು ಸಲಕ್ಕೆ ಒಂದೇ ಎಲ್ಇಡಿ ಹೊತ್ತೋದರಿಂದ ಹತ್ತಕ್ಕೂ ಸೇರಿ ಒಂದೇ ರೆಸಿಸ್ಟರ್ ಸಾಕು. ಎಲ್ಲವೂ ಎರಡು ನಿಮಿಷದಲ್ಲಿ ಕೈಗೆ ಬಂದವು, ನಾನು ಬೀಗುತ್ತಾ ನಿಂತಿದ್ದೆ. 9 ವೋಲ್ಟ್ ಬ್ಯಾಟರಿಯ ಕ್ಲಿಪ್ ಒಂದು ಮಾತ್ರ ಸಿಗಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಅವಳೇ "ಇತರೆ" ಡಬ್ಬಿಯನ್ನು ಬೆಡ್‌ಶೀಟ್ ಮೇಲೆ ಸುರಿದು, ತಳದಲ್ಲಿದ್ದದ್ದನ್ನು ಎತ್ತಿಕೊಂಡು ಹೋದಳು.