ಖಾನಾವಳಿ ಆ್ಯಪ್: ಗಿರಾಕಿಗೊಂದು, ಅಡುಗೆಮನೆಗೊಂದು

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಕಡೆಯವರ ಜೋಳದ ರೊಟ್ಟಿ ಖಾನಾವಳಿಗೆ ಬಿಡುವಿನಲ್ಲಿ ಬರೆಯುತ್ತಿರುವ ಆ್ಯಪ್ ಈ ವಾರ ಎರಡಾಯಿತು. ಒಂದು, ತಿಂಗಳ ಲೆಕ್ಕದಲ್ಲಿ ಡಬ್ಬಿ ತರಿಸಿಕೊಳ್ಳುವವರಿಗೆ. ಇನ್ನೊಂದು, ಅಡುಗೆಮನೆಗೆ ಮತ್ತು ಡಬ್ಬಿ ಮುಟ್ಟಿಸುವ ಹುಡುಗರಿಗೆ. ಹಿಂದಿರುವ ಸರ್ವರ್ (ಜಾಂಗೋ ಎಂಬ ಪೈಥಾನ್ ಚೌಕಟ್ಟಿನಲ್ಲಿ ಬರೆದದ್ದು), ಪೋಸ್ಟ್‌ಗ್ರೆಸ್ ಡೇಟಾಬೇಸ್ ಮಾತ್ರ ಒಂದೇ.

ಒಂದೇ ಆ್ಯಪ್ ಸಾಕು, ಲಾಗಿನ್ ಆದವರು ಯಾರೆಂದು ನೋಡಿ ಬಟನ್ ತೋರಿಸಿದರಾಯಿತು ಎಂಬುದು ಮಾಲೀಕರ ವಾದ. ಕೆಲಸ ಕಡಿಮೆ, ನಿಜ. ಆದರೆ ಬಟನ್ ಮರೆಮಾಡುವುದು ಪರದೆ ಎಳೆದಂತೆ, ಬೀಗ ಹಾಕಿದಂತಲ್ಲ. ಎಪಿಕೆ ಫೈಲ್ (ಆಂಡ್ರಾಯ್ಡ್ ಆ್ಯಪ್‌ನ ಕಟ್ಟು) ಬಿಚ್ಚಿ ಮರೆಯಲ್ಲಿಟ್ಟದ್ದನ್ನೂ ನೋಡುವ ಸಾಧನಗಳು ಪುಕ್ಕಟೆ ಸಿಗುತ್ತವೆ. ತಂತ್ರಾಂಶ ಭದ್ರತೆಯ ಒವಾಸ್ಪ್ ಸಂಸ್ಥೆ 2021ರಲ್ಲಿ ಕೊಟ್ಟ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದೇ, ಅನುಮತಿ ಇಲ್ಲದವರಿಗೂ ದಾರಿ ಬಿಡುವ ಇಂಥ ಲೋಪಕ್ಕೆ.

ಹಾಗಂತ ಆ್ಯಪ್ ಎರಡು ಮಾಡಿದ ಮಾತ್ರಕ್ಕೆ ಭದ್ರತೆ ಬರುವುದಿಲ್ಲ. ಬೀಗ ಸರ್ವರ್‌ನಲ್ಲೇ ಇರಬೇಕು. ಗಿರಾಕಿಯ ಟೋಕನ್ (ಲಾಗಿನ್ ಆದವರ ಗುರುತಿನ ಚೀಟಿ) ಹಿಡಿದು, ಆ್ಯಪ್ ಬಿಟ್ಟು ಕರ್ಲ್ ಎಂಬ ಸಾಧನದಿಂದ ಸರ್ವರ್‌ಗೆ ನೇರವಾಗಿ ಗಿರಾಕಿಗಳ ಬಾಕಿ ಪಟ್ಟಿ ಕೇಳಿದೆ: 403 ಬಂತು, ಅಂದರೆ ‘ಅನುಮತಿ ಇಲ್ಲ’. ಬೇರೆಯವರ ಆರ್ಡರ್ ನಂಬರ್ ಕೊಟ್ಟು ಕೇಳಿದೆ: 404, ಅಂದರೆ ‘ಅಂಥದ್ದು ಸಿಗಲಿಲ್ಲ’. ಇದು ಬೇಕಂತಲೇ ಇಟ್ಟದ್ದು. ಅಂಥ ಆರ್ಡರ್ ಇದೆ ಅನ್ನುವುದೂ ಹೊರಗೆ ಗೊತ್ತಾಗಬಾರದು.

ಮತ್ತೆ ಎರಡು ಆ್ಯಪ್ ಯಾಕೆ? ಅಡುಗೆಮನೆಗೆ ಬಂದು ನೋಡಿದರೆ ತಿಳಿಯುತ್ತದೆ. ರೊಟ್ಟಿ ಬಡಿಯುವ ಅಕ್ಕನ ಎರಡೂ ಕೈ ಹಿಟ್ಟು. ಎದುರಿನ ಗೋಡೆಯ ಟ್ಯಾಬ್ಲೆಟ್‌ನಲ್ಲಿ ಅವರಿಗೆ ಬೇಕಾದದ್ದು ಒಂದೇ ಅಂಕಿ: ಈ ಹೊತ್ತಿಗೆ ಎಷ್ಟು ರೊಟ್ಟಿ. ಒಲೆಯ ಮುಂದೆ ಕೂತೇ ಓದುವಷ್ಟು ದಪ್ಪ ಅಕ್ಷರ, ಬರೀ ಕನ್ನಡ, ಮುಟ್ಟುವ ಪ್ರಮೇಯವೇ ಇಲ್ಲ. ಹಿಂಜವಡಿಯ ಆಫೀಸಿನಲ್ಲಿ ಯಾರೋ ‘ಇವತ್ತು ಡಬ್ಬಿ ಬೇಡ’ ಒತ್ತಿದರೆ ಇಲ್ಲಿ ಅಂಕಿ ಇಳಿಯುತ್ತದೆ. ಮೆನು, ಬಿಲ್ಲು, ಯುಪಿಐ, ಮರಾಠಿ-ಇಂಗ್ಲಿಷ್ ಆಯ್ಕೆಗಳೆಲ್ಲ ಇರುವ ಗಿರಾಕಿಯ ಆ್ಯಪ್‌ನಲ್ಲಿ ಇದನ್ನು ತುರುಕುವುದು ಅಕ್ಕನಿಗೆ ಮಾಡುವ ಅನ್ಯಾಯ. ಉಬರ್, ಸ್ವಿಗ್ಗಿಯಂಥವರೂ ಕೆಲಸಗಾರರಿಗೆ ಬೇರೆಯೇ ಆ್ಯಪ್ ಕೊಡುತ್ತಾರೆ.

ಇನ್ನೊಂದು ಅನುಕೂಲ: ಗಿರಾಕಿಯ ಆ್ಯಪ್‌ನ ಹೊಸ ಆವೃತ್ತಿ ಪ್ಲೇ ಸ್ಟೋರ್ ಪರಿಶೀಲನೆ ದಾಟಿ ಬರಬೇಕು. ಅಡುಗೆಮನೆಯದು ಬ್ರೌಸರಿನಲ್ಲೇ ಓಡುವುದರಿಂದ ಅಕ್ಕ ಮಧ್ಯಾಹ್ನ ಹೇಳಿದ್ದನ್ನು ಸಂಜೆಯೊಳಗೆ ಬದಲಿಸಬಹುದು.

ಡಬ್ಬಿ ಹಂಚುವ ಹುಡುಗನೊಬ್ಬ ತಾನೂ ತಿಂಗಳ ಗಿರಾಕಿ. ಅವನಿಗೆ ಖಾತೆ ಒಂದೇ, ಜಾಂಗೋ ಗ್ರೂಪ್ (ಅನುಮತಿಯ ಗುಂಪು) ಎರಡು. ಗಿರಾಕಿ ಆ್ಯಪ್ ತೆರೆದಾಗ ಅವನಿಗೂ ಕಾಣುವುದು ತನ್ನ ಲೆಕ್ಕ ಮಾತ್ರ.

ಇನ್ನು ಫೋನ್ ನಂಬರ್‌ಗಳ ಕೆಲಸ ಬಾಕಿ. ಡಬ್ಬಿ ಮುಟ್ಟಿದ ಮೇಲೆ ಆ ಮನೆಯ ಫೋನ್ ನಂಬರ್ ಹುಡುಗರ ಪಟ್ಟಿಯಿಂದ ತಾನಾಗಿ ಹೋಗಬೇಕು. ಮಾಲೀಕರೂ ಒಪ್ಪಿದ್ದಾರೆ, ಮುಂದಿನ ವಾರ ಅದನ್ನೇ ಬರೆಯುತ್ತೇನೆ.