ಮೇಲೆ ಅಲ್ಲ, ಕೆಳಗೆ

ಮೊನ್ನೆ ನನ್ನ ಕೈ ಕಂಡು ನನಗೇ ಭಯವಾಯಿತು.

ಇಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಡ್ಯೂಟಿಯಲ್ಲಿ ಡ್ರಿಲ್ ಇತ್ತು. ಗೊಂಬೆಗೆ ಹೆರಿಗೆ. ಮಗುವಿನ ತಲೆ ಬಂತು, ಭುಜ ಒಳಗೇ ಸಿಕ್ಕಿಕೊಂಡಿತು. ಶೋಲ್ಡರ್ ಡಿಸ್ಟೋಸಿಯಾ. ಅಪರೂಪ, ಆದರೆ ಬಂದರೆ ಇರುವುದು ಕೆಲವೇ ನಿಮಿಷ. ಒಬ್ಬಳು ತಲೆ ಬಂದ ಸಮಯ ಬರೆದುಕೊಂಡಳು. ಇಬ್ಬರು ತಾಯಿಯ ತೊಡೆಗಳನ್ನು ಹೊಟ್ಟೆಯತ್ತ ಮಡಿಸಿ ಹಿಡಿದರು. ನನಗೆ ಒತ್ತಲು ಹೇಳಿದರು. ಕೈ ಸೀದಾ ಹೊಟ್ಟೆಯ ಮೇಲ್ಭಾಗಕ್ಕೆ ಹೋಯಿತು.

ತಪ್ಪು. ಮೇಲಿಂದ ಒತ್ತಿದರೆ ಮಗುವಿನ ಭುಜ ತಾಯಿಯ ಕಿಬ್ಬೊಟ್ಟೆಯ ಕೆಳಗಿನ ಮೂಳೆಗೆ ಇನ್ನೂ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಒತ್ತಬೇಕಾದದ್ದು ಕಿಬ್ಬೊಟ್ಟೆಯಲ್ಲಿ, ಆ ಮೂಳೆಗೆ ತುಸು ಮೇಲೆ. ಕಲಿಸುವಾಕೆ ನನ್ನ ಕೈ ಹಿಡಿದು ಕೆಳಗೆ ತಂದಿಟ್ಟು, ಮತ್ತೊಂದು ಸಲ ಮಾಡೋಣ ಅಂದರು. ಬೈಗುಳ ಇಲ್ಲ.

ರಾತ್ರಿ ಊಟದ ಹೊತ್ತಿಗೆ ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ, "ಅಮ್ಮಾ, ಊರಲ್ಲಿ ನಿಜವಾದ ಪಾಪುಗಳಿಗೂ ಹಾಗೇ ಒತ್ತಿದ್ಯಾ?"

ಒತ್ತಿದ್ದೇನೆ. "ಸಿಸ್ಟರ್, ಒತ್ರೀ" ಅಂದರೆ ಸ್ಟೂಲ್ ಹತ್ತಿ ಒತ್ತುತ್ತಿದ್ದೆ. ಸೀನಿಯರ್‌ಗಳಿಂದ ಕಲಿತದ್ದೇ ಅದು. ಒಂದು ರಾತ್ರಿ ನಾನು ಮೇಲಿಂದ ಒತ್ತುತ್ತಿದ್ದೆ, ಡಾಕ್ಟರು ತಲೆ ಹಿಡಿದು ಎಳೆಯುತ್ತಿದ್ದರು. ಗಂಡುಮಗು ಉಳಿಯಿತು. ಬಲಗೈ ಮಾತ್ರ ಎತ್ತಲಿಲ್ಲ. ಕತ್ತಿನ ನರ ಜಗ್ಗಿದರೆ ಹಾಗಾಗುತ್ತದೆ. ಕೆಲವು ಮಕ್ಕಳಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಇಲ್ಲ. ಎಲ್ಲಿ ತಪ್ಪಿತು ಅಂತ ನಾವ್ಯಾರೂ ಕೂತು ಮಾತಾಡಲಿಲ್ಲ. ಅಜ್ಜಿ ಪೇಡೆ ಕೊಟ್ಟು, "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಸಿಸ್ಟರ್" ಅಂದು ಹೋದರು.

ಈ ತರಬೇತಿ ಶುರುವಾದದ್ದು ಇದೇ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲಿ, 2000ದಲ್ಲಿ. ಡಾಕ್ಟರು, ಸೂಲಗಿತ್ತಿಯರು ಎಲ್ಲ ಒಟ್ಟಿಗೇ ಕಲಿಯಬೇಕು. ಭುಜ ಸಿಕ್ಕಿಕೊಂಡ ಹೆರಿಗೆಗಳಲ್ಲಿ ಗಾಯಗೊಳ್ಳುವ ಮಕ್ಕಳು ಶೇ. 9.3ರಿಂದ 2.3ಕ್ಕೆ ಇಳಿದರು ಅಂತ 2008ರಲ್ಲಿ ಪ್ರಕಟವಾಯಿತು. ಅದನ್ನು ಓದುವಾಗೆಲ್ಲ ನನಗೆ ಆ ಒಂದು ಬಲಗೈ ಕಾಣುತ್ತದೆ.

ನಮ್ಮ ನರ್ಸ್‌ಗಳ ಕೈ ಕಡಿಮೆಯದ್ದಲ್ಲ. ಅವರಷ್ಟು ಹೆರಿಗೆ ನೋಡಿದವರು ಇಲ್ಲಿ ಎಷ್ಟು ಜನ? ಈಗ ಊರಲ್ಲೂ ಗೊಂಬೆ ಬಂದಿದೆ ಅಂತ ಗೆಳತಿ ಹೇಳಿದಳು. ಬೀರುವಿನಲ್ಲಿದೆಯಂತೆ. ಹಾಳಾದರೆ ಯಾರು ಜವಾಬ್ದಾರಿ ಅಂತ ಬೀಗ. ಹಾಳಾಗಲಿ ಬಿಡಿ, ಅದು ಇರುವುದೇ ಅದಕ್ಕಲ್ವಾ?

ಮಗಳಿಗೆ ಹೌದು ಅಂದೆ. ಆ ಪಾಪು ಈಗ ಹೇಗಿದ್ದಾನೆ ಅಂತ ಕೇಳಿದಳು. 12 ವರ್ಷ ಆಗಿರಬೇಕು. ಯಾವ ಕೈಯಲ್ಲಿ ಬರೆಯುತ್ತಾನೋ.