ಬೊಳ್ಳಿಯ ಅಜಿಲಿಟಿ: ಸೀಸಾ ಹತ್ತಿದಳು, ಕಂಬ ಇನ್ನೂ ಬಾಕಿ ಉಂಟು

ನವೆಂಬರ್

ಏಣೆಲು (ಮಳೆಗಾಲದ ಭತ್ತ) ಕೊಯ್ಲು ಮುಗಿಯಿತು. ಅಂದರೆ ನನಗೂ ನನ್ನ ನಾಯಿ ಬೊಳ್ಳಿಗೂ ಅಜಿಲಿಟಿಗೆ, ನಾಯಿ ಅಡೆತಡೆ ದಾಟಿ ಓಡುವ ಆಟಕ್ಕೆ, ಮೈದಾನ ಸಿಕ್ಕಿತು. ಉಡುಪಿ ಕಡೆಯ ಕಲ್ಯಾಣಪುರದ ಹತ್ತಿರದ ನಮ್ಮ ಮನೆಯಂಗಳ ಗಟ್ಟಿ ಮುರಕಲ್ಲಿನ ನೆಲ. ಅಲ್ಲಿ ಹಾರಿಸಿದರೆ ನಾಯಿಯ ಪಾದ ಸವೆಯುತ್ತದೆ, ಕೀಲಿಗೂ ಪೆಟ್ಟು. ಪಕ್ಕದ ಮನೆಯ ದೊಡ್ಡಪ್ಪ ಈ ಸಲ ಸುಗ್ಗಿಯ ಎರಡನೇ ಬೆಳೆ ಮಾಡುವುದಿಲ್ಲವಂತೆ. ‘ಗದ್ದೆ ಸುಮ್ನೆ ಬಿದ್ದಿರ್ತದೆ, ಓಡಿಸಿ ಮಾರಾಯ್ರೇ’ ಅಂದರು. ಕಂಬಳದ ಊರು, ಪ್ರಾಣಿ ಓಡಿಸುವುದು ಅವರಿಗೆ ಹೊಸದಲ್ಲ. ಆದರೆ ಗದ್ದೆಯಲ್ಲಿ ಪಿವಿಸಿ ಪೈಪು ನೆಟ್ಟು ಅದರ ಸುತ್ತ ನಾಯಿ ಓಡಿಸುವುದು ಹೊಸದು. ಸಂಜೆಯಾದರೆ ಕಟ್ಟಪುಣಿಯ (ಗದ್ದೆ ಬದುವಿನ) ಮೇಲೆ ನಾಲ್ಕು ಜನ ಪ್ರೇಕ್ಷಕರು ಗ್ಯಾರಂಟಿ.

ಇದೆಂಥ ಆಟ ಎಂದು ಕೇಳುವವರಿಗೆ ನಾನು ಕುದುರೆ ಜಿಗಿತದ ಉದಾಹರಣೆಯನ್ನೇ ಕೊಡುವುದು. ಅಜಿಲಿಟಿ ಹುಟ್ಟಿದ್ದೂ ಅದರಿಂದಲೇ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ನಡುವೆ ಜನರಿಗೆ ಬೇಸರ ಬಾರದಿರಲಿ ಎಂದು ಕುದುರೆ ಜಿಗಿತದ ಮಾದರಿಯಲ್ಲಿ ನಾಯಿಗಳನ್ನು ಹಾರಿಸಿದರು. ಈಗ ಅದೇ ಒಂದು ದೊಡ್ಡ ಕ್ರೀಡೆ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐಯ ನಿಯಮದಲ್ಲಿ ಒಂದು ಓಟಕ್ಕೆ 15ರಿಂದ 22 ಅಡೆತಡೆ. ನಾಯಿಗೆ 18 ತಿಂಗಳು ತುಂಬದೆ ಸ್ಪರ್ಧೆಗೆ ಇಳಿಸುವ ಹಾಗಿಲ್ಲ, ಮೂಳೆ ಬಲಿಯಬೇಕಲ್ವಾ.

ಬೊಳ್ಳಿ ಸಂತೆಕಟ್ಟೆಯಲ್ಲಿ ಸಿಕ್ಕಿದ ಊರುನಾಯಿ. ಹೆಗಲಿನ ಹತ್ತಿರ ಎತ್ತರ 47 ಸೆಂಟಿಮೀಟರ್. 48 ಮುಟ್ಟಿದರೆ ದೊಡ್ಡ ನಾಯಿಗಳ ವರ್ಗ, ಅಲ್ಲಿ ಹಾರಬೇಕಾದ ಅಡ್ಡಕೋಲಿನ ಎತ್ತರ 55ರಿಂದ 60. ಇವಳ ವರ್ಗದಲ್ಲಿ 45ರಿಂದ 50. ಒಂದು ಸೆಂಟಿಮೀಟರಿಗೆ ಹತ್ತು ಸೆಂಟಿಮೀಟರಿನ ಲಾಭ! ಅಳತೆ ಕೋಲಿನ ಕೆಳಗೆ ಕತ್ತು ಎತ್ತದೆ ನೆಟ್ಟಗೆ ನಿಲ್ಲುವುದನ್ನೂ ಅಭ್ಯಾಸ ಮಾಡಿಸುತ್ತಿದ್ದೇನೆ.

ಡಿಸೆಂಬರ್

ಈ ತಿಂಗಳು ಪೂರ್ತಿ ಸೀಸಾ, ಅಂದರೆ ನಾಯಿ ಹತ್ತಿ ದಾಟಬೇಕಾದ, ನಡುವೆ ತೂಗುವ ಹಲಗೆ.

ಹಲಗೆ ಮಾಡಿದ್ದು ನಮ್ಮ ಆಚಾರಿಯವರು. ಮೂರೂವರೆ ಮೀಟರಿಗಿಂತ ಸ್ವಲ್ಪ ಉದ್ದ, 30 ಸೆಂಟಿಮೀಟರ್ ಅಗಲ, ನಡುವಿನ ಎತ್ತರ 60. ಹಲಸಿನ ಹಲಗೆ ಹಾಕುವಾ ಎಂದು ಅವರ ಹಟ. ಭಾರ ಜಾಸ್ತಿ ಆಗ್ತದೆ ಎಂದು ಪ್ಲೈವುಡ್‌ಗೆ ಒಪ್ಪಿಸಿದೆ. ಪೈಂಟಿಗೆ ಜರಡಿ ಹಿಡಿದ ಹೊಯ್ಗೆ ಕಲಸಿ ಬಳಿದೆವು, ಕಾಲು ಜಾರಬಾರದು. ಎರಡೂ ತುದಿಯ 90 ಸೆಂಟಿಮೀಟರಿಗೆ ಬೇರೆ ಬಣ್ಣ. ನಾಯಿ ಹತ್ತುವಾಗಲೂ ಇಳಿಯುವಾಗಲೂ ಆ ಜಾಗಕ್ಕೆ ಒಂದಾದರೂ ಕಾಲು ಊರಲೇಬೇಕು. ಹಲಗೆ ಸರಿ ತೂಗುತ್ತದಾ ಎಂದು ನೋಡಲು ಇಳಿಯುವ ಕಡೆಯ ಆ ಬಣ್ಣದ ನಡುವೆ ಒಂದು ಕೆ.ಜಿ. ತೂಕ ಇಡಬೇಕು, ಹಲಗೆ ಕೆಲವೇ ಸೆಕೆಂಡಿನಲ್ಲಿ ನೆಲ ಮುಟ್ಟಬೇಕು. ನಾವು ಇಟ್ಟದ್ದು ಒಂದು ಕೆ.ಜಿ. ಕುಚ್ಚಲಕ್ಕಿ. ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿ, ‘ಅಕ್ಕಿ ಆದ್ರೂ ವಾಪಸ್ ಬರ್ತದಾ ಮಗಾ?’ ಅಂದರು.

ನಾಯಿಗಳಿಗೆ ಸೀಸಾದಲ್ಲಿ ಹೆದರಿಕೆ ಎತ್ತರದ್ದಲ್ಲ. ಕಾಲಡಿಯ ಹಲಗೆ ತಟ್ಟನೆ ಕುಸಿಯುವುದು, ಆಮೇಲೆ ‘ಧಡ್’ ಎಂಬ ಸದ್ದು, ಇವೆರಡು ಸೇರಿದರೆ ಒಳ್ಳೊಳ್ಳೆಯ ನಾಯಿಗಳೂ ಮತ್ತೆ ಹತ್ತುವುದಿಲ್ಲ. ಅದಕ್ಕೆ ಗೋಣಿಯಲ್ಲಿ ತೆಂಗಿನ ನಾರು ಗಿಡಿದು ಎರಡೂ ತುದಿಯ ಕೆಳಗೆ ಇಟ್ಟೆ. ಮೊದಲು ಹಲಗೆ ಒಂದು ಗೇಣು ಮಾತ್ರ ಇಳಿಯುತ್ತಿತ್ತು, ಸದ್ದೇ ಇಲ್ಲ. ಬೊಳ್ಳಿ ಮುಂಗಾಲು ಇಡುವಳು, ಹಲಗೆ ಅಲುಗಿದರೆ ಕಿವಿ ಹಿಂದೆ ಹೋಗುವುದು, ನಾನು ಉಪ್ಪು ಹಾಕದೆ ಬೇಯಿಸಿದ ಕೋಳಿ ಲಿವರಿನ ತುಂಡು ತುದಿಯಲ್ಲಿ ಇಡುವುದು. ಸ್ವಲ್ಪ ಸ್ವಲ್ಪವೇ ನಾರು ತೆಗೆದೆ. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಗೋಣಿ ಬರೀ ಚಪ್ಪಟೆ. ಈಗ ಅವಳು ತುದಿಯವರೆಗೆ ಓಡಿ, ಹಲಗೆ ಕೆಳಗೆ ಬಡಿಯುವಾಗ ಹಿಂಗಾಲು ಮಡಚಿ ಭಾರ ಹಿಂದಕ್ಕೆ ಹಾಕಿ ಕೂರುತ್ತಾಳೆ. ‘ಉಂತು’ ಅಂದರೆ ನಿಲ್ಲುತ್ತಾಳೆ. ಅದನ್ನು ನಾನು ಕಲಿಸಿದ್ದಲ್ಲ, ಆ ಕೂರುವ ಭಂಗಿ ಅವಳದ್ದೇ. ನನಗೆ ಈ ವರ್ಷ ಸಿಕ್ಕಿದ ದೊಡ್ಡ ಖುಷಿ ಅದು, ಸ್ಪರ್ಧೆಯದ್ದಲ್ಲ.

ಕಂಬಗಳ ಕತೆ ಬೇರೆ. ಸಾಲಾಗಿ 12 ಕಂಬ, ನಡುವೆ 60 ಸೆಂಟಿಮೀಟರ್, ನಾಯಿ ಅವುಗಳ ಸಂದಿಯಲ್ಲಿ ಅಂಕುಡೊಂಕಾಗಿ ನುಸುಳಬೇಕು. ಮೊದಲ ಕಂಬ ನಾಯಿಯ ಎಡ ಹೆಗಲಿಗೆ ಬರಬೇಕು. ಎರಡು ಸಾಲು ಅಗಲವಾಗಿ ನೆಟ್ಟು, ನಡುವಿನ ಓಣಿಯನ್ನು ಕಿರಿದು ಮಾಡುತ್ತಾ ಬರುವ ಪದ್ಧತಿ ನಮ್ಮದು. ನಿಧಾನ ಆಗಲಿ, ತೊಂದರೆಯಿಲ್ಲ.

ಜನವರಿ

ಬೆಂಗಳೂರಿನಲ್ಲಿ ಒಂದು ಸಣ್ಣ ಸ್ಪರ್ಧೆ. ರೈಲಿನಲ್ಲಿ ನಾಯಿ ಕರೆದೊಯ್ಯಬೇಕಾದರೆ ಫಸ್ಟ್ ಕ್ಲಾಸ್ ಕೂಪೆ ಪೂರ್ತಿ ಹಿಡಿಯಬೇಕು, ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಕೂತ ನಾಯಿ ಬೆಳಿಗ್ಗೆ ಏನು ಓಡೀತು? ಕಾರಿನಲ್ಲೇ ಹೊರಟೆವು. ಶಿರಾಡಿ ಘಾಟಿಯ ತಿರುವಿನಲ್ಲಿ ಬೊಳ್ಳಿ ಕಾರಿಕೊಂಡಳು. ಹಿಂದಿನ ಸೀಟಲ್ಲಿದ್ದ ತಂಗಿ ಇನ್ನು ಮೇಲೆ ಬರುವುದಿಲ್ಲ ಎಂದು ಘೋಷಿಸಿದಳು. ಪೆಟ್ರೋಲು, ರೂಮು, ಪ್ರವೇಶ ಶುಲ್ಕ ಎಲ್ಲ ಸೇರಿಸಿ ನೋಡಿದರೆ ಒಂದು ಒಳ್ಳೆ ಫೋನು ಬರುತ್ತಿತ್ತು. ಈ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಅಲ್ಲಿ ನೋಡಲು ಭಾರಿ ಮಜಾ ಇದ್ದದ್ದು ಕೋರ್ಸ್ ವಾಕ್. ಓಟಕ್ಕೆ ಮೊದಲು ನಾಯಿಯಿಲ್ಲದೆ ಮನುಷ್ಯರು ಮಾತ್ರ ಒಳಗೆ ಹೋಗಿ ದಾರಿ ಬಾಯಿಪಾಠ ಮಾಡುವುದು. ದೊಡ್ಡ ದೊಡ್ಡ ಜನ ಇಲ್ಲದ ನಾಯಿಗೆ ಕೈ ಬೀಸುತ್ತಾ, ಗಕ್ಕನೆ ತಿರುಗುತ್ತಾ, ತಮ್ಮಷ್ಟಕ್ಕೇ ಗೊಣಗುತ್ತಾ ಓಡುತ್ತಾರೆ. ಕಾರಣ ಉಂಟು. ಓಡುವಾಗ ನಾಯಿ ನಮ್ಮ ಬಾಯಿಗಿಂತ ಹೆಚ್ಚು ನೋಡುವುದು ನಮ್ಮ ಕಾಲಿನ ಬೆರಳು, ಹೆಗಲು ಯಾವ ಕಡೆ ಎಂದು. ಒಳಗೆ ತಿಂಡಿ ಇಲ್ಲ, ಚೆಂಡು ಇಲ್ಲ, ನಾಯಿಯನ್ನು ಮುಟ್ಟುವಂತಿಲ್ಲ.

ನಮ್ಮ ಓಟ ಬೆಳಿಗ್ಗೆಯಿಂದ ಕಾದು ಮಧ್ಯಾಹ್ನ ಬಂತು, ಒಂದು ನಿಮಿಷದೊಳಗೆ ಮುಗಿಯಿತು. ಒಂದು ಕೋಲು ಬಿತ್ತು, ತೀರ್ಪುಗಾರರ ಅಂಗೈ ಮೇಲೆದ್ದಿತು, ಐದು ಅಂಕ ದಂಡ. ಕಂಬದಲ್ಲಿ ಎರಡನೇ ಸಂದಿಗೆ ನುಗ್ಗಿದಳು, ಮುಷ್ಟಿ ಎದ್ದಿತು. ಅದು ನಿರಾಕರಣೆ, ಮೂರಾದರೆ ಹೊರಗೆ. ತಿರುಗಿಸಿ ತಂದು ಸರಿ ಮಾಡಿಸಿದೆ. ಸೀಸಾ ಮಾತ್ರ ಬೆಣ್ಣೆ. ಬಹುಮಾನ ಇಲ್ಲ. ಆ ಗಲಾಟೆ, ಮೈಕು, ಬೇರೆ ನಾಯಿಗಳ ಬೊಗಳಾಟದ ನಡುವೆ ಅವಳ ಕಣ್ಣು ನನ್ನ ಮೇಲಿಂದ ಕದಲಲಿಲ್ಲ. ನಾನು ಹೋದದ್ದು ಅದಕ್ಕೇ ಎಂದು ಕಾಣುತ್ತದೆ. ಒಬ್ಬರು ಕಪ್ ತಪ್ಪಿತೆಂದು ನಾಯಿಯ ಬೆಲ್ಟು ಜಗ್ಗಿ ಎಳೆದುಕೊಂಡು ಹೋದರು. ಅಂಥವರು ಮನೆಯಲ್ಲಿ ಕೇರಂ ಆಡುವುದು ಒಳ್ಳೆಯದು.

ಮಾರ್ಚ್

ಉಣ್ಣೆ ಜ್ವರ, ಅಂದರೆ ಉಣ್ಣೆ ಹುಳ ಕಚ್ಚಿ ಬರುವ ಜ್ವರ. ಬೊಳ್ಳಿ ಊಟ ಬಿಟ್ಟಳು, ವಸಡು ಬಿಳಿಚಿತು, ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ. ಡಾಕ್ಸಿಸೈಕ್ಲಿನ್ ಮದ್ದು ತಿಂಗಳು ಹತ್ತಿರ ನಡೆಯಿತು, ಅಷ್ಟು ದಿನ ಹಾರುವುದು ಬಂದ್. ಕರಾವಳಿಯಲ್ಲಿ ಈ ಆಟ ಆಡುವವರು ಉಣ್ಣೆ ಮದ್ದಿನ ತಾರೀಕನ್ನು ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು.

ಏಪ್ರಿಲ್

ಬೆಳಿಗ್ಗೆ ಆರಕ್ಕೆ ಶುರು, ಏಳಕ್ಕೆ ಬಂದ್. ನಾಯಿ ಮೈ ತಣಿಸುವುದು ಏದುಸಿರು ಬಿಟ್ಟು. ಗಾಳಿಯಲ್ಲೇ ಇಷ್ಟು ತೇವ ಇದ್ದರೆ ಬಾಯಿಯ ನೀರು ಆರುವುದಾದರೂ ಹೇಗೆ? ಹಾಗಾಗಿ ನೆರಳಿದ್ದರೂ ಇಲ್ಲಿಯ ಬಿಸಿ ಘಟ್ಟದ ಮೇಲಿನದ್ದಕ್ಕಿಂತ ಅಪಾಯ. ನಾಲಗೆ ಅಗಲವಾಗಿ ಜೋತುಬಿದ್ದರೆ ಅವತ್ತಿಗೆ ಮುಗಿಯಿತು.

ಮಳೆ ಹಿಡಿಯುವ ಮೊದಲು ಇಲಿಜ್ವರದ ಲಸಿಕೆ ಹಾಕಿಸಬೇಕು. ಜೂನ್‌ನಿಂದ ಗದ್ದೆ ದೊಡ್ಡಪ್ಪನದ್ದು, ನಮಗೆ ಚಾವಡಿ. ಅಲ್ಲಿ ಆರು ಕಂಬ ಹಿಡಿಯುತ್ತದೆ ಎಂದು ಟೇಪು ಹಿಡಿದು ನೋಡಿದೆ. ಬುಡಕ್ಕೆ ಹಳೆ ಪೈಂಟಿನ ಡಬ್ಬಿಗೆ ಸಿಮೆಂಟು ತುಂಬಿಸಿದರೆ ನಿಲ್ಲುತ್ತದೆ. ಡಬ್ಬಿ ನಾಲ್ಕು ಸಿಕ್ಕಿದೆ, ಇನ್ನೆರಡು ಆಚಾರಿಯವರು ಕೊಡುತ್ತೇನೆ ಎಂದಿದ್ದಾರೆ.